ಡಬ್ಲಿನ್ ನಗರದಲ್ಲಿ ‘ಮೆಸ್ಸೀಯ’ದ ಪ್ರಥಮ ಗಾಯನ

ಹಬ್ಬದ ದಿನ ಗಾನವೃಂದದವರು ‘ಹಲ್ಲೆಲೂಯ’ ವೃಂದಗಾನವನ್ನು ಎತ್ತಿಕೊಂಡರೆಂದರೆ ನಮ್ಮಲ್ಲಿ ಅನೇಕರು ತಾವಾಗಿಯೇ ಎದ್ದು ನಿಲ್ಲುತ್ತೇವೆ. ಏಕೆಂದು ಕೇಳಿದವರಿಗೆ, ಇಂಗ್ಲೆಂಡಿನ ಅರಸ ಎರಡನೆಯ ಜಾರ್ಜನು ಈ ಗಾನವನ್ನು ಕೇಳಿ ಭಾವಪರವಶನಾಗಿ ಎದ್ದು ನಿಂತನೆಂದೂ, ಅಂದಿನಿಂದ ಲೋಕವೇ ಎದ್ದು ನಿಲ್ಲುತ್ತಿದೆಯೆಂದೂ ಉತ್ತರ ಹೇಳುತ್ತೇವೆ. ಈ ಕಥೆ ಬರಹದಲ್ಲಿ ಕಾಣಿಸಿಕೊಳ್ಳುವುದು 1780ರ ಒಂದು ಪತ್ರದಲ್ಲಿ. ಅಂದರೆ ನಡೆಯಿತೆಂದು ಹೇಳುವ ಕಾಲಕ್ಕೆ ಸುಮಾರು ನಾಲ್ಕು ದಶಕಗಳ ತರುವಾಯ. ಅರಸನು ಆ ಗಾಯನಕ್ಕೆ ಬಂದಿದ್ದನೆಂಬುದಕ್ಕೇ ಅಂದಿನ ಸಾಕ್ಷ್ಯವಿಲ್ಲ. ಹಾಗೆಂದು ನಾವು ಯಾರನ್ನೂ ಕುಳಿತುಕೊಳ್ಳಿರೆಂದು ಕೇಳುವವರಲ್ಲ. ಆದರೆ ಅರಸನ ಕಥೆಯ ಪ್ರಖರತೆಯಲ್ಲಿ ಅದಕ್ಕಿಂತ ಹಿರಿದಾದ ಒಂದು ನಿಜಸಂಗತಿ ಮಂಕಾಗಿದೆ. ಆ ಗಾನ ಪ್ರಥಮವಾಗಿ ಕೇಳಿಬಂದುದು ಅರಸನ ಸಮ್ಮುಖದಲ್ಲಲ್ಲ, ಲಂಡನ್ನಿನಲ್ಲಿ ಅಲ್ಲ, ದೇವಾಲಯದಲ್ಲಿಯೂ ಅಲ್ಲ, ಕ್ರಿಸ್ತಜಯಂತಿಯ ಕಾಲದಲ್ಲಂತೂ ಅಲ್ಲ. 1742ನೆಯ ಏಪ್ರಿಲ್ 13ರಂದು, ಪವಿತ್ರ ವಾರದ ಮಂಗಳವಾರ, ಐರ್ಲೆಂಡಿನ ಡಬ್ಲಿನ್ ನಗರದ ಒಂದು ಮೀನುಪೇಟೆಯ ಬೀದಿಯ ಸಭಾಂಗಣದಲ್ಲಿ, ಸಾಲಕ್ಕಾಗಿ ಸೆರೆಯಲ್ಲಿದ್ದವರನ್ನು ಬಿಡಿಸುವ ಹಣಕ್ಕಾಗಿ ಅದು ಹಾಡಲ್ಪಟ್ಟಿತು. ಆ ದಿನದ ವೃತ್ತಾಂತವನ್ನು ಈ ಸಂಚಿಕೆಯ ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಅದಕ್ಕೆ ಮೊದಲು ಓದುಗರನ್ನು ಮೂವತ್ತನಾಲ್ಕು ವರ್ಷ ಹಿಂದಕ್ಕೆ, ರೋಮಾಪುರಿಗೆ ಕರೆದೊಯ್ಯಬೇಕಾಗಿದೆ. ಜಾರ್ಜ್ ಫ್ರಿಡೆರಿಕ್ ಹ್ಯಾಂಡಲ್ ಜರ್ಮನಿಯ ಹಾಲ್ಲೆ ಪಟ್ಟಣದಲ್ಲಿ 1685ರ ಫೆಬ್ರವರಿ 23ರಂದು ಜನಿಸಿದವನು, ಲೂಥರನ ಪಂಥದವನು. ತಾರುಣ್ಯದಲ್ಲಿ ಸಂಗೀತಾಭ್ಯಾಸಕ್ಕೆಂದು ಇಟಲಿಗೆ ಹೋದಾಗ ಆ ಪರಪಂಥದ ತರುಣನಿಗೆ ಆಶ್ರಯವಿತ್ತವರಲ್ಲಿ ರೋಮಿನ ಕಾರ್ಡಿನಲರೂ ಶ್ರೀಮಂತರೂ ಇದ್ದರು. ಲತೀನ್ ಕೀರ್ತನೆಗಳಿಗೆ ಅವನು ಅಲ್ಲಿ ರಚಿಸಿದ ಸಂಗೀತ ಇಂದಿಗೂ ಕಥೋಲಿಕರ ಸೊತ್ತೇ ಎಂಬಂತೆ ಉಳಿದಿದೆ. 1708ರ ಪಾಸ್ಕ ಭಾನುವಾರ, ಏಪ್ರಿಲ್ 8ರಂದು, ಮಾರ್ಕ್ವಿಸ್ ರುಸ್ಪೋಲಿಯ ಅರಮನೆಯಲ್ಲಿ ಹ್ಯಾಂಡಲನ ‘ಪುನರುತ್ಥಾನ’ ಎಂಬ ಒರಟೋರಿಯೊ ನಡೆಯಿತು. ಸುಪ್ರಸಿದ್ಧ ಪಿಟೀಲುವಾದಕ ಕೊರೆಲ್ಲಿ ವಾದ್ಯವೃಂದದ ಮುಂದಾಳು. ಮಗ್ದಲದ ಮರಿಯಳ ಪಾತ್ರವನ್ನು ಹಾಡಿದವಳು ಮಾರ್ಗರಿಟಾ ಡ್ಯುರಸ್ಟಾಂಟಿ ಎಂಬ ಗಾಯಕಿ. ಪವಿತ್ರ ಕಥಾನಕವನ್ನು ಸ್ತ್ರೀಯೊಬ್ಬಳಿಂದ ಹಾಡಿಸಿದುದಕ್ಕಾಗಿ ಪೋಪ್ ಹನ್ನೊಂದನೆಯ ಕ್ಲೆಮೆಂಟರು ರುಸ್ಪೋಲಿಗೆ ಎಚ್ಚರಿಕೆ ಕೊಟ್ಟರು. ಮರುದಿನ ಆ ಸ್ಥಾನದಲ್ಲಿ ಪುರುಷ ಗಾಯಕನೊಬ್ಬನು ನಿಂತನು. ದೇವರ ಕಥೆಯನ್ನು ಯಾರು ಹಾಡಬಹುದು, ಎಲ್ಲಿ ಹಾಡಬಹುದು ಎಂಬ ಪ್ರಶ್ನೆ ಇಪ್ಪತ್ತಮೂರರ ಪ್ರಾಯದಲ್ಲಿಯೇ ಹ್ಯಾಂಡಲನಿಗೆ ಹೀಗೆ ಎದುರಾಯಿತು. ಅದು ಮತ್ತೆ ಎರಡು ಬಾರಿ ಅವನನ್ನು ಹಿಂಬಾಲಿಸಿ ಬಂದಿತು.

ಒರಟೋರಿಯೊ ಎಂಬ ಶಬ್ದ ಹೊಸದಾಗಿರುವವರಿಗಾಗಿ ಒಂದು ಮಾತು. ಬರೋಕ್ ಯುಗವೆಂದು ಸಂಗೀತ ಚರಿತ್ರಕಾರರು ಹೆಸರಿಸುವ ಆ ಕಾಲದಲ್ಲಿ ಯೂರೋಪಿನ ಶ್ರೀಮಂತರ ಮೋಹವೆಲ್ಲ ಆಪೆರಾದ ಮೇಲೆ. ಅಂದರೆ ವೇಷ, ರಂಗಸಜ್ಜಿಕೆ, ಅಭಿನಯಗಳಿಂದ ಕೂಡಿದ ಗೀತನಾಟಕದ ಮೇಲೆ. ಒರಟೋರಿಯೊದಲ್ಲಿ ಇವೊಂದೂ ಇಲ್ಲ. ಗಾಯಕರು ಪುಸ್ತಕ ಹಿಡಿದು ನಿಂತು ಹಾಡುತ್ತಾರೆ. ಕಥೆ ಬಹುಮಟ್ಟಿಗೆ ಪವಿತ್ರ ಗ್ರಂಥದ್ದು. ಆದರೆ ಇದು ಪೂಜಾವಿಧಿಯ ಸಂಗೀತವೂ ಅಲ್ಲ. ಟಿಕೆಟ್ಟು ಕೊಂಡು ಬಂದವರ ಮುಂದೆ ನಡೆಯುವ ಕಛೇರಿ. ಈ ಅರ್ಧ ದೇವಾಲಯ, ಅರ್ಧ ರಂಗಮಂದಿರದ ಸ್ವರೂಪವೇ ಮುಂದಿನ ಕಲಹಕ್ಕೆಲ್ಲ ಬೀಜವಾಯಿತು.

ಲಂಡನ್ನಿನಲ್ಲಿ ನೆಲೆಸಿ, 1727ರಲ್ಲಿ ಬ್ರಿಟಿಷ್ ಪ್ರಜೆಯಾದ ಹ್ಯಾಂಡಲನು ದಶಕಗಳ ಕಾಲ ಇಟಾಲಿಯನ್ ಆಪೆರಾವನ್ನೇ ನಂಬಿ ಬಾಳಿದನು. ಕಾಲಕ್ರಮದಲ್ಲಿ ಜನರ ರುಚಿ ಬದಲಾಯಿತು. ಪ್ರತಿಸ್ಪರ್ಧಿ ಕಂಪೆನಿ ಹುಟ್ಟಿಕೊಂಡಿತು. 1737ರಲ್ಲಿ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ಬಂದನಾದರೂ 1741ರ ಜನವರಿಯಲ್ಲಿ ರಂಗವೇರಿದ ಅವನ ಕೊನೆಯ ಆಪೆರಾ ಮೂರೇ ಪ್ರದರ್ಶನಗಳಿಗೆ ನಿಂತುಹೋಯಿತು. ಇದೇ ವೇಳೆಯಲ್ಲಿ ಚಾರ್ಲ್ಸ್ ಜೆನೆನ್ಸ್ ಎಂಬ ಸಿರಿವಂತ ಜಮೀನುದಾರನು ಪವಿತ್ರ ಗ್ರಂಥದ ವಾಕ್ಯಗಳನ್ನಷ್ಟೇ ಆಯ್ದು, ಹೆಣೆದು, ‘ಮೆಸ್ಸೀಯ’ ಎಂಬ ಪಠ್ಯವನ್ನು ಅವನಿಗೆ ಕಳುಹಿಸಿದನು. ಜೆನೆನ್ಸನ ಜಾಣ್ಮೆಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಯೇಸುಸ್ವಾಮಿಯ ಚರಿತ್ರೆಯನ್ನು ಅವನು ಬಹುಪಾಲು ಶುಭಸಂದೇಶಗಳಿಂದ ಹೇಳಿಸದೆ ಯೆಶಾಯನಿಂದ, ಕೀರ್ತನೆಗಳಿಂದ, ಯೋಬನಿಂದ, ಸಂತ ಪೌಲರ ಪತ್ರಗಳಿಂದ ಹೇಳಿಸಿದನು. ಮೊದಲ ಭಾಗದಲ್ಲಿ ವಾಗ್ದಾನ ಮತ್ತು ಜನನ. ಎರಡನೆಯದರಲ್ಲಿ ಪಾಡು, ಮರಣ, ಪುನರುತ್ಥಾನ. ಮೂರನೆಯದರಲ್ಲಿ ಸತ್ತವರ ಉತ್ಥಾನದ ನಿರೀಕ್ಷೆ. ‘ಹಲ್ಲೆಲೂಯ’ ಬರುವುದು ಎರಡನೆಯ ಭಾಗದ ಕೊನೆಯಲ್ಲಿ, ಪ್ರಕಟನಾ ಗ್ರಂಥದ ಮಾತುಗಳಲ್ಲಿ. ನಾವು ಕ್ರಿಸ್ತಜಯಂತಿಗೆ ಹಾಡುವ ಅದು ತನ್ನ ಮೂಲಸ್ಥಾನದಲ್ಲಿ ಪಾಸ್ಕದ ಗಾನ.

ಹ್ಯಾಂಡಲನು 1741ರ ಆಗಸ್ಟ್ 22ರಂದು ಬರೆಯತೊಡಗಿ ಸೆಪ್ಟೆಂಬರ್ 14ರಂದು ಮುಗಿಸಿದನು. ಇಪ್ಪತ್ತನಾಲ್ಕು ದಿನ! ಈ ವೇಗವನ್ನು ಕೆಲವರು ದಿವ್ಯ ಪ್ರೇರಣೆಯ ಪವಾಡವೆಂದು ಬಣ್ಣಿಸುತ್ತಾರೆ. ಅವನು ಸದಾ ವೇಗವಾಗಿಯೇ ಬರೆಯುತ್ತಿದ್ದವನು; ಇದನ್ನು ಮುಗಿಸಿದ ಕೆಲವೇ ದಿನಗಳಲ್ಲಿ ‘ಸಾಂಸೋನ’ನ ಕಥೆಗೆ ಕೈಹಾಕಿ ಅದನ್ನೂ ಅಕ್ಟೋಬರ್ ಕಳೆಯುವುದರೊಳಗೆ ಬರೆದು ತೆಗೆದನು. ಶಿಶುವಿನ ಜನನವನ್ನು ಸಾರುವ ಹೆಸರಾಂತ ವೃಂದಗಾನದ ಧಾಟಿಯನ್ನಂತೂ ಅದೇ ಬೇಸಿಗೆಯಲ್ಲಿ ತಾನೇ ರಚಿಸಿದ್ದ ಒಂದು ಇಟಾಲಿಯನ್ ಪ್ರಣಯಗೀತೆಯಿಂದ ತೆಗೆದುಕೊಂಡಿದ್ದಾನೆ. ಪ್ರೇರಣೆ ಎಂಬುದು ಕಸುಬು ಬಲ್ಲವನ ಮನೆಯ ದಾರಿಯನ್ನೇ ಹಿಡಿಯಿತು ಎನ್ನೋಣ.

ಐರ್ಲೆಂಡಿನಲ್ಲಿ ಅರಸನ ಪ್ರತಿನಿಧಿಯಾಗಿದ್ದ ಡೆವನ್‌ಶೈರಿನ ಡ್ಯೂಕನ ಆಹ್ವಾನದ ಮೇರೆಗೆ ಹ್ಯಾಂಡಲನು ನವೆಂಬರಿನಲ್ಲಿ ಡಬ್ಲಿನ್ನಿಗೆ ಹೊರಟನು. ಪ್ರತಿಕೂಲ ಗಾಳಿಯ ದೆಸೆಯಿಂದ ಚೆಸ್ಟರ್ ಪಟ್ಟಣದಲ್ಲಿ ಕೆಲವು ದಿನ ತಡೆಯಬೇಕಾಯಿತು. ಆ ಬಿಡುವಿನಲ್ಲಿ ತನ್ನ ವೃಂದಗಾನಗಳನ್ನು ಹಾಡಿಸಿ ನೋಡುವ ಮನಸ್ಸಾಗಿ, ಬರೆದ ಸ್ವರವನ್ನು ನೋಡಿದೊಡನೆ ಹಾಡಬಲ್ಲವರು ಊರಿನಲ್ಲಿ ಉಂಟೇ ಎಂದು ವಿಚಾರಿಸಿದನು. ಮುದ್ರಣದ ಕಸುಬಿನವನೊಬ್ಬ, ಒಳ್ಳೆಯ ಮಂದ್ರ ಕಂಠದವನು, ಮುಂದೆ ಬಂದನು. ಹಾಡತೊಡಗಿದರೆ ಎಲ್ಲವೂ ಅಪಸ್ವರ. ಹ್ಯಾಂಡಲನು ನಾಲ್ಕು ಭಾಷೆಗಳಲ್ಲಿ ಬೈದು, ನೋಡಿ ಹಾಡಬಲ್ಲೆ ಎಂದವನು ನೀನಲ್ಲವೇ ಎಂದು ಗದರಿಸಿದಾಗ ಆ ಬಡಪಾಯಿ, ನೋಡಿ ಹಾಡಬಲ್ಲೆ ನಿಜ, ಆದರೆ ಮೊದಲ ಸಲ ನೋಡಿದಾಗಲೇ ಅಲ್ಲ ಎಂದನಂತೆ. ಆಗ ಆ ಊರಿನ ಶಾಲಾಬಾಲಕನಾಗಿದ್ದು, ಮುಂದೆ ಸಂಗೀತದ ಚರಿತ್ರಕಾರನಾದ ಚಾರ್ಲ್ಸ್ ಬರ್ನಿ ಇದನ್ನು ಬರೆದಿಟ್ಟಿದ್ದಾನೆ. ಗಾನವೃಂದಗಳಲ್ಲಿ ಮಂದ್ರಸ್ಥಾಯಿಯ ಸಾಲಿನಲ್ಲಿ ನಿಂತು ಬಲ್ಲ ಓದುಗರಿಗೆ ಇದರ ಮರ್ಮ ವಿವರಿಸಬೇಕಾಗಿಲ್ಲ.

ನವೆಂಬರ್ 18ರಂದು ಅವನು ಡಬ್ಲಿನ್ ತಲಪಿದನು. ಆ ನಗರದ ಫಿಶಾಂಬಲ್ ಬೀದಿಯಲ್ಲಿ (ಹೆಸರೇ ಹೇಳುವಂತೆ ಅದು ಹಿಂದೆ ಮೀನು ಮಾರುವ ಕಟ್ಟೆಗಳಿದ್ದ ತಾಣ) ಹೊಸ ಸಂಗೀತ ಸಭಾಂಗಣವೊಂದು ಒಂದು ತಿಂಗಳ ಹಿಂದೆಯಷ್ಟೇ, ಅಕ್ಟೋಬರಿನಲ್ಲಿ, ತೆರೆದಿತ್ತು. ಅದನ್ನು ಕಟ್ಟಿಸಿದವರು ಒಂದು ಧರ್ಮಾರ್ಥ ಸಂಗೀತ ಸಂಘದವರು. ಸಂಗೀತ ನಡೆಸಿ, ಬಂದ ಹಣದಿಂದ ಸಾಲಗಾರ ಕೈದಿಗಳನ್ನು ಬಿಡಿಸುವುದೇ ಆ ಸಂಘದ ಉದ್ದೇಶವಾಗಿತ್ತು.

ಈ ಕೈದಿಗಳು ಯಾರೆಂಬುದನ್ನು ತಿಳಿಯದೆ ಮುಂದಿನದು ಅರ್ಥವಾಗದು. ಆ ಕಾಲದ ನ್ಯಾಯದಲ್ಲಿ ಸಾಲ ತೀರಿಸಲಾರದವನನ್ನು ಸಾಲ ಕೊಟ್ಟವನು ಸೆರೆಗೆ ಹಾಕಿಸಬಹುದಿತ್ತು, ತೀರಿಸುವವರೆಗೆ ಬಿಡುಗಡೆಯಿಲ್ಲ. ಸೆರೆಯಲ್ಲಿದ್ದವನು ದುಡಿದು ತೀರಿಸುವುದೆಂತು? ಅದು ಸಾಲದೆಂಬಂತೆ ಸೆರೆಮನೆಯ ಅಧಿಕಾರಿಗೆ ಒಳಗೆ ಬರುವಾಗಲೂ ಶುಲ್ಕ, ಹೊರಗೆ ಹೋಗುವಾಗಲೂ ಶುಲ್ಕ. ಹಾಸಿಗೆಗೂ ಊಟಕ್ಕೂ ಬೇರೆ. ಅಲ್ಪ ಮೊತ್ತಕ್ಕೆ ಒಳಗೆ ಹೋದವನ ಬಾಕಿ ಒಳಗೇ ಬೆಳೆಯುತ್ತಿತ್ತು. ಕೊಲೆಗಡುಕನಿಗೆ ವಿಚಾರಣೆಯ ದಿನವಾದರೂ ಗೊತ್ತು. ಇವರಿಗೆ ಅದೂ ಇಲ್ಲ. ಹೊರಗಿನಿಂದ ಯಾರಾದರೂ ಬಂದು ಹಣ ಕಟ್ಟಿದರೆ ಮಾತ್ರ ಬಾಗಿಲು ತೆರೆಯುವುದು.

ಚಳಿಗಾಲದಲ್ಲಿ ಹ್ಯಾಂಡಲನು ಆರಾರು ಕಛೇರಿಗಳ ಎರಡು ಸರಣಿಗಳನ್ನು ನಡೆಸಿದನು. ಅವುಗಳಲ್ಲಿ ‘ಮೆಸ್ಸೀಯ’ವನ್ನು ಹೊರತೆಗೆಯಲಿಲ್ಲ. ವೃಂದಗಾನಕ್ಕೆ ಅವನು ನೆಚ್ಚಿದ್ದುದು ಊರಿನ ಎರಡು ಪ್ರಧಾನಾಲಯಗಳ, ಅಂದರೆ ಸಂತ ಪ್ಯಾಟ್ರಿಕ್ ಮತ್ತು ಕ್ರೈಸ್ಟ್ ಚರ್ಚ್‌ಗಳ, ಗಾಯಕರನ್ನು. ಎರಡೂ ಆಂಗ್ಲಿಕನರ ವಶದಲ್ಲಿದ್ದವು. ಸಂತ ಪ್ಯಾಟ್ರಿಕ್‌ನ ಡೀನ್ ಬೇರಾರೂ ಅಲ್ಲ, ‘ಗಲಿವರನ ಪ್ರವಾಸ’ಗಳ ಕರ್ತೃ ಜೊನಾಥನ್ ಸ್ವಿಫ್ಟ್. ವೃದ್ಧಾಪ್ಯದಲ್ಲಿ ಅವನ ಚಿತ್ತ ಕದಡಿಹೋಗಿತ್ತು. 1742ರ ಜನವರಿಯಲ್ಲಿ ಅವನು, ತನ್ನ ಪ್ರಧಾನಾಲಯದ ಗಾಯಕರು ಫಿಶಾಂಬಲ್ ಬೀದಿಯ ಪಿಟೀಲುಗಾರರ ಕೂಟದಲ್ಲಿ ಹಾಡಕೂಡದೆಂದೂ, ಹಾಡಿದವರನ್ನು ದಂಡಿಸಬೇಕೆಂದೂ ಆಜ್ಞೆ ಹೊರಡಿಸಿದನು. ದೇವಾಲಯದ ಕಂಠ ಕಛೇರಿಗೆ ಹೋಗಬಹುದೇ? ರೋಮಿನ ಪ್ರಶ್ನೆ ಬೇರೆ ವೇಷದಲ್ಲಿ ಇಲ್ಲಿ ಬಂದಿತ್ತು. ಕೊನೆಗೆ ಅನುಮತಿ ದೊರೆಯಿತು. ಅದೇ ವರ್ಷ ಆಗಸ್ಟಿನಲ್ಲಿ ಸ್ವಿಫ್ಟನು ಬುದ್ಧಿಸ್ವಾಧೀನವಿಲ್ಲದವನೆಂದು ವಿಧಿವತ್ತಾಗಿ ಘೋಷಿಸಲ್ಪಟ್ಟನು.

ಮಾರ್ಚ್ 27ರ ವೃತ್ತಪತ್ರಿಕೆಯಲ್ಲಿ ಪ್ರಕಟಣೆ ಬಂದಿತು: ನಗರದ ಸೆರೆಮನೆಗಳಲ್ಲಿರುವ ಕೈದಿಗಳ ಪರಿಹಾರಕ್ಕಾಗಿ, ಮರ್ಸರ್ ಆಸ್ಪತ್ರೆಗಾಗಿ, ಮತ್ತು ಇನ್ಸ್ ಕೀಯಲ್ಲಿರುವ ಧರ್ಮ ಚಿಕಿತ್ಸಾಲಯಕ್ಕಾಗಿ ಹ್ಯಾಂಡಲ್ ಮಹಾಶಯರ ಹೊಸ ಒರಟೋರಿಯೊ. ಟಿಕೆಟ್ಟಿನ ಬೆಲೆ ಅರ್ಧ ಗಿನಿ. ಏಪ್ರಿಲ್ 9ರಂದು ಜನರ ಮುಂದೆಯೇ ನಡೆದ ಪೂರ್ವಾಭ್ಯಾಸಕ್ಕೆ ಬಂದವರ ಬಾಯಿಂದ ಕೀರ್ತಿ ಹಬ್ಬಿತು. ಸ್ಥಳ ಸಾಲದೆಂದು ಕಂಡು, ಮಹಿಳೆಯರು ಲಂಗದೊಳಗೆ ಬಳೆಯಾಕಾರದ ಕಟ್ಟುಗಳನ್ನು ತೊಡದೆ ಬರಬೇಕೆಂದೂ, ಗಂಡಸರು ಕತ್ತಿ ಕಟ್ಟಿಕೊಳ್ಳದೆ ಬರಬೇಕೆಂದೂ ವ್ಯವಸ್ಥಾಪಕರು ವಿನಂತಿಸಿದರು. ಹಾಗೆ ಬಂದರೆ ಆರುನೂರು ಮಂದಿಯ ಜಾಗದಲ್ಲಿ ಏಳುನೂರು ಮಂದಿ ಹಿಡಿಸುವರು, ಧರ್ಮಕಾರ್ಯಕ್ಕೆ ಅಷ್ಟು ಹೆಚ್ಚು ಹಣ ಕೂಡುವುದು ಎಂಬುದು ಅವರ ಲೆಕ್ಕ. ಜನರು ಒಪ್ಪಿಕೊಂಡರು. ಮಂಗಳವಾರ ಹಗಲು ಹನ್ನೆರಡು ಗಂಟೆಗೆ ಸುಮಾರು ಏಳುನೂರು ಮಂದಿ ಸಭಾಂಗಣದಲ್ಲಿ ಕಿಕ್ಕಿರಿದು ಕುಳಿತಿದ್ದರು.

ವೃಂದ ಚಿಕ್ಕದು: ಎರಡು ಪ್ರಧಾನಾಲಯಗಳ ಬಾಲಕರು ಮತ್ತು ಗಂಡಸರು, ಮ್ಯಾಥ್ಯೂ ಡುಬೂರ್ಗನ ಮುಂದಾಳುತನದ ವಾದ್ಯಗಳು, ಇಬ್ಬರು ಗಾಯಕಿಯರು. ಅವರಲ್ಲಿ ಒಬ್ಬಳು ಇಟಲಿಯಿಂದ ಬಂದ ಅವೋಲಿಯೊ. ಇನ್ನೊಬ್ಬಳು ಸುಸಾನಾ ಸಿಬರ್. ಸಂಗೀತಗಾರ ಥಾಮಸ್ ಆರ್ನನ ತಂಗಿ, ಕಥೋಲಿಕ ಮನೆತನದಲ್ಲಿ ಬೆಳೆದವಳು, ವೃತ್ತಿಯಿಂದ ನಟಿ. ಅವಳ ಗಂಡನು ಹಣದಾಸೆಗೆ ಅವಳನ್ನು ಇನ್ನೊಬ್ಬ ಶ್ರೀಮಂತನ ಸಹವಾಸಕ್ಕೆ ತಾನೇ ನೂಕಿ, ಬಳಿಕ 1738ರಲ್ಲಿ ಆ ಶ್ರೀಮಂತನ ಮೇಲೆ ವ್ಯಭಿಚಾರದ ದಾವೆ ಹೂಡಿ 5000 ಪೌಂಡು ಕೇಳಿದ್ದನು. ಪಂಚರು ಅವನಿಗೆ ಕೊಟ್ಟದ್ದು 10 ಪೌಂಡು. ಆದರೆ ನ್ಯಾಯಾಲಯದಲ್ಲಿ ಸೇವಕರು ನುಡಿದ ಸಾಕ್ಷ್ಯವೆಲ್ಲ ಅಚ್ಚಾಗಿ ಬೀದಿಯಲ್ಲಿ ಮಾರಾಟವಾಯಿತು. ಲಂಡನ್ನಿನ ರಂಗಭೂಮಿಯಲ್ಲಿ ಮುಖ ತೋರಿಸಲಾರದೆ ಸುಸಾನಾ ಡಬ್ಲಿನ್ನಿಗೆ ಬಂದಿದ್ದಳು. ಅವಳ ಕಂಠ ಎಳೆಯಷ್ಟು ತೆಳುವು. ಸಂಗೀತಶಾಸ್ತ್ರದ ಪರಿಣತಿಯೂ ಹೆಚ್ಚಿನದಲ್ಲ. ಶಬ್ದದ ಅರ್ಥವನ್ನು ಕೇಳುವವರ ಹೃದಯಕ್ಕೆ ಮುಟ್ಟಿಸುವ ಕಲೆ ಮಾತ್ರ ಅವಳಿಗೆ ಸಿದ್ಧಿಸಿತ್ತು.

ಎರಡನೆಯ ಭಾಗದಲ್ಲಿ, ಯೆಶಾಯನ ಐವತ್ತಮೂರನೆಯ ಅಧ್ಯಾಯದ ಆ ಮಾತುಗಳನ್ನು ಹಾಡುವ ಸರದಿ ಅವಳದಾಯಿತು. ಜನರಿಂದ ತಿರಸ್ಕೃತನಾಗಿ ದುಃಖದೊಡನೆ ಬಾಳಿದ ಸೇವಕನ ವರ್ಣನೆ ಅದು. ಹ್ಯಾಂಡಲನು ಇಲ್ಲಿ ಗಾಯನವನ್ನು ಮತ್ತೆ ಮತ್ತೆ ತುಂಡರಿಸಿದ್ದಾನೆ. ಒಂದು ಮಾತು ಹಾಡಿ ಕಂಠ ನಿಲ್ಲುತ್ತದೆ. ಆ ಮೌನದಲ್ಲಿ ತಂತಿವಾದ್ಯಗಳು ನಿಟ್ಟುಸಿರಿಟ್ಟಂತೆ ಎರಡು ಸ್ವರ ನುಡಿಯುತ್ತವೆ. ಕಂಠ ಮತ್ತೆ ಮುಂದುವರಿಯುತ್ತದೆ. ದೊಡ್ಡ ಕಂಠದವರಿಗೆ ಇಲ್ಲಿ ಮೆರೆಯಲು ಎಡೆಯೇ ಇಲ್ಲ. ತಿರಸ್ಕಾರವೆಂದರೇನೆಂದು ಊರೆಲ್ಲ ಬಲ್ಲಂತೆ ಅನುಭವಿಸಿದ್ದ ಹೆಂಗಸು ಅದನ್ನು ಹಾಡಿದಾಗ, ಸಭೆಯಲ್ಲಿ ಕುಳಿತಿದ್ದ ಸಂತ ಪ್ಯಾಟ್ರಿಕ್ ಪ್ರಧಾನಾಲಯದ ಛಾನ್ಸಲರ್ ಡೆಲನಿ ಎಂಬ ಪಾದ್ರಿಗಳು ಎದ್ದು, ಇದೊಂದಕ್ಕಾಗಿ ನಿನ್ನ ಪಾಪಗಳೆಲ್ಲ ಕ್ಷಮಿಸಲ್ಪಡಲಿ ಎಂಬರ್ಥದ ಮಾತನ್ನು ಕೂಗಿ ಹೇಳಿದರೆಂದು ಹದಿನೆಂಟನೆಯ ಶತಮಾನದಿಂದಲೇ ಹೇಳುತ್ತ ಬಂದಿದ್ದಾರೆ. ಡೆಲನಿಯವರು ಕೆಲವೇ ತಿಂಗಳ ಹಿಂದೆ ಪತ್ನಿಯನ್ನು ಕಳೆದುಕೊಂಡಿದ್ದರು. ರೋಮಿನಲ್ಲಿ ನಿಷ್ಕಳಂಕಳಾದ ಗಾಯಕಿಯನ್ನು ಸ್ತ್ರೀಯೆಂಬ ಕಾರಣಕ್ಕೆ ಬದಿಗೆ ಸರಿಸಲಾಯಿತು. ಡಬ್ಲಿನ್ನಿನಲ್ಲಿ ಕಳಂಕಿತಳೆಂದು ಜಗತ್ತು ಬೆರಳು ತೋರಿದವಳನ್ನೇ ಹ್ಯಾಂಡಲನು ಅತ್ಯಂತ ಪವಿತ್ರವಾದ ವಾಕ್ಯದ ಮುಂದೆ ನಿಲ್ಲಿಸಿದನು. ಪರಮಗುರುಗಳ ಕಾಲದ ಶಿಸ್ತಿಗೆ ಅದರದೇ ಕಾರಣಗಳಿದ್ದವು. ಆದರೂ ಮಗ್ದಲದ ಮರಿಯಳ ಪಾತ್ರವೇ ಅಂದು ಸ್ತ್ರೀಯ ಕೈತಪ್ಪಿತೆಂಬುದನ್ನು ನೆನೆದಾಗ, ನಾವು ಡೆಲನಿಯವರ ಪಕ್ಷವನ್ನೇ ಹಿಡಿಯುತ್ತೇವೆ.

ಕೂಡಿದ ಹಣ ಸುಮಾರು 400 ಪೌಂಡು. ಹ್ಯಾಂಡಲನಾಗಲಿ ಡುಬೂರ್ಗನಾಗಲಿ ಗಾಯಕಿಯರಿಬ್ಬರಾಗಲಿ ಪ್ರತಿಫಲ ಪಡೆಯಲಿಲ್ಲ. ಮೂರು ಧರ್ಮಕಾರ್ಯಗಳಿಗೂ ತಲಾ 127 ಪೌಂಡಿನಂತೆ ಹಂಚಿಕೆಯಾಯಿತು. 142 ಮಂದಿ ಸಾಲಗಾರರು ಸೆರೆಯಿಂದ ಹೊರಬಂದರು. ಈ ಎರಡು ಅಂಕಿಗಳನ್ನು ನಾವು ಭಾಗಿಸಿ ನೋಡಿದೆವು. ತಲೆಗೆ ಹದಿನೆಂಟು ಶಿಲ್ಲಿಂಗು ಕೂಡ ತುಂಬುವುದಿಲ್ಲ. ಅರ್ಧ ಗಿನಿಯೆಂದರೆ ಹತ್ತೂವರೆ ಶಿಲ್ಲಿಂಗು. ಎಂದರೆ, ಒಳಗೆ ಕುಳಿತ ದಂಪತಿಗಳ ಎರಡು ಟಿಕೆಟ್ಟುಗಳ ಬೆಲೆಗಿಂತ ಕಡಿಮೆ ಹಣದಲ್ಲಿ ಒಬ್ಬ ಮನುಷ್ಯ ಮನೆಗೆ ಮರಳಿದ್ದನು. ಬಿಟ್ಟು ಬಂದ ಕತ್ತಿಗಳೂ ಲಂಗದ ಕಟ್ಟುಗಳೂ ನೂರು ಸ್ಥಾನಗಳನ್ನು ಹೆಚ್ಚಿಸಿದವೆಂಬುದನ್ನು ಇದರೊಡನೆ ಇಟ್ಟು ಎಣಿಸಿದರೆ, ಆ ವಿನಂತಿ ನಗೆಯ ಮಾತಾಗಿ ಉಳಿಯದು.

ಬಿಡುಗಡೆಯಾದವರ ಹೆಸರುಗಳು ಪತ್ರಿಕೆಯಲ್ಲಿ ಬರಲಿಲ್ಲ. ಐರ್ಲೆಂಡಿನ ಜನರಲ್ಲಿ ಬಹುಸಂಖ್ಯಾತರು ಕಥೋಲಿಕರು. ಅವರಿಗೆ ಪಾರ್ಲಿಮೆಂಟಿನಲ್ಲಿ ಸ್ಥಾನವಿರಲಿಲ್ಲ, ಮತದಾನದ ಹಕ್ಕಿರಲಿಲ್ಲ, ಭೂಮಿ ಕೊಳ್ಳುವ ಅಧಿಕಾರವಿರಲಿಲ್ಲ. ಪೂರ್ವಜರು ಕಟ್ಟಿದ ಎರಡೂ ಪ್ರಧಾನಾಲಯಗಳು ಕೈತಪ್ಪಿ, ಬಲಿಪೂಜೆ ಓಣಿಗಳ ಮರೆಯ ಮನೆಗಳಲ್ಲಿ ನಡೆಯುತ್ತಿತ್ತು. ಅರ್ಧ ಗಿನಿಯ ಸಭೆ ಬಹುಪಾಲು ಆಳುವವರ ಸಭೆ ಎಂಬುದನ್ನು ಮರೆಯಲಾಗದು. ಅದನ್ನು ಹೇಳಿಯೂ, ತೆರೆದ ಬಾಗಿಲುಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಜೂನ್ 3ರಂದು ಮತ್ತೊಮ್ಮೆ ಗಾಯನವಾಯಿತು. ಸೆಕೆಗೆ ಹೆದರಿ ಪ್ರತಿ ಕಿಟಕಿಯ ಮೇಲ್ತುದಿಯ ಗಾಜೊಂದನ್ನು ತೆಗೆಸಿಡುವುದಾಗಿ ಪ್ರಕಟಿಸಿದ್ದರು. ಆಗಸ್ಟಿನಲ್ಲಿ ಹ್ಯಾಂಡಲನು ಲಂಡನ್ನಿಗೆ ಮರಳಿದನು.

ಅಲ್ಲಿ ಕಾದಿದ್ದುದು ಬೇರೆ ಬಗೆಯ ಸ್ವಾಗತ. 1743ರ ಮಾರ್ಚ್ 23ರಂದು ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಗಾಯನ ನಡೆಯುವ ಮೊದಲೇ ಪತ್ರಿಕೆಯೊಂದರಲ್ಲಿ ಆಕ್ಷೇಪ ಬಂದಿತು: ದೇವರ ವಾಕ್ಯವನ್ನು ಹಾಡಲು ನಾಟಕಶಾಲೆ ತಕ್ಕ ಮಂದಿರವೇ, ನಟನಟಿಯರು ತಕ್ಕ ಯಾಜಕರೇ? ಹ್ಯಾಂಡಲನು ವಾದಕ್ಕಿಳಿಯದೆ, ಪ್ರಕಟಣೆಗಳಲ್ಲಿ ‘ಮೆಸ್ಸೀಯ’ ಎಂಬ ಹೆಸರನ್ನೇ ಕೈಬಿಟ್ಟು ‘ಒಂದು ಹೊಸ ಪವಿತ್ರ ಒರಟೋರಿಯೊ’ ಎಂದಷ್ಟೇ ಸಾರಿದನು. ಪಠ್ಯ ಹೆಣೆದ ಜೆನೆನ್ಸನಿಗೂ ತೃಪ್ತಿಯಿಲ್ಲ. ತನ್ನ ಕೃತಿಯನ್ನು ಅವಸರದಲ್ಲಿ ಕೆಡಿಸಿದನೆಂದೂ, ಇನ್ನು ಪವಿತ್ರ ಪಠ್ಯವನ್ನು ಅವನ ಕೈಗಿಡುವುದಿಲ್ಲವೆಂದೂ ಮಿತ್ರನಿಗೆ ಬರೆದನು. ಮುಂದಿನ ಆರು ವರ್ಷಗಳಲ್ಲಿ ಲಂಡನ್ನಿನಲ್ಲಿ ‘ಮೆಸ್ಸೀಯ’ ಕೇಳಿಬಂದುದು ಬೆರಳೆಣಿಕೆಯ ಸಲ.

ಅದಕ್ಕೆ ಮರುಜೀವ ಬಂದುದು ಮತ್ತೆ ಬಡವರ ಬಾಗಿಲಿನಲ್ಲಿಯೇ. ಥಾಮಸ್ ಕೋರಮ್ ಎಂಬ ನಾವಿಕನು ಲಂಡನ್ನಿನ ಬೀದಿಗಳಲ್ಲಿ ಎಸೆದುಹೋದ ಹಸುಗೂಸುಗಳನ್ನು ಕಂಡು ಕರಗಿ, ವರ್ಷಗಟ್ಟಲೆ ಅಲೆದು, 1739ರಲ್ಲಿ ರಾಜಾಜ್ಞೆ ಪಡೆದು ಸ್ಥಾಪಿಸಿದ ಫೌಂಡ್ಲಿಂಗ್ ಹಾಸ್ಪಿಟಲ್ ಹೆಸರಿಗೆ ಆಸ್ಪತ್ರೆಯಾದರೂ ನಿಜವಾಗಿ ಅನಾಥಾಲಯ. ಅದರ ಪ್ರಾರ್ಥನಾಲಯಕ್ಕೆ ಹ್ಯಾಂಡಲನು ಆರ್ಗನ್ ವಾದ್ಯವನ್ನು ದಾನವಿತ್ತು, 1750ರ ಮೇ 1ರಂದು ಅಲ್ಲಿ ‘ಮೆಸ್ಸೀಯ’ವನ್ನು ನಡೆಸಿದನು. ಟಿಕೆಟ್ಟು ಹಿಡಿದು ಬಂದವರೇ ಜಾಗವಿಲ್ಲದೆ ಹಿಂದಿರುಗಬೇಕಾಯಿತು. ಅವರಿಗಾಗಿ ಮೇ 15ರಂದು ಪುನಃ ನಡೆಯಿತು. ಅಲ್ಲಿಂದ ಪ್ರತಿವರ್ಷ. ದೇವರ ಮನೆಯಲ್ಲಿ, ಅನಾಥರ ಸಲುವಾಗಿ ಹಾಡಿದಾಗ ಆಕ್ಷೇಪಿಸುವವರ ಬಾಯಿ ಕಟ್ಟಿತು. ಆ ವಾರ್ಷಿಕ ಗಾಯನಗಳಿಂದ ಒಟ್ಟು ಸುಮಾರು 7000 ಪೌಂಡು ಮಕ್ಕಳಿಗೆ ದೊರೆಯಿತು. ಸಂಸ್ಥೆಯ ಆಡಳಿತಗಾರರು ಉತ್ಸಾಹದಿಂದ, ಈ ಕೃತಿಯ ಹಕ್ಕು ತಮ್ಮೊಬ್ಬರದೇ ಎಂದು ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಿಸಹೊರಟಾಗ ಮಾತ್ರ ಮುದುಕನು ಸಿಡುಕಿದನು. ಅನಾಥ ಮಕ್ಕಳು ತನ್ನ ಒರಟೋರಿಯೊವನ್ನು ಪಾರ್ಲಿಮೆಂಟಿಗೆ ಏಕೆ ಒಯ್ಯಬೇಕೆಂದು ತನ್ನ ಜರ್ಮನ್ ಛಾಯೆಯ ಇಂಗ್ಲಿಷಿನಲ್ಲಿ ಗದರಿದನಂತೆ. ಪ್ರಸ್ತಾಪ ಅಲ್ಲಿಗೇ ನಿಂತಿತು.

1754ರ ಗಾಯನದ ಲೆಕ್ಕಪತ್ರ ಉಳಿದುಬಂದಿದೆ. ವಾದ್ಯಗಾರರು 38, ವೃಂದದಲ್ಲಿ ಹಾಡಿದವರು 19, ಅವರಲ್ಲಿ ಆರು ಮಂದಿ ಬಾಲಕರು. ಹತ್ತೊಂಬತ್ತು ಕಂಠಗಳು! ಅವನು ಗತಿಸಿದ ಮೇಲೆ 1784ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಐನೂರಕ್ಕೂ ಮಿಕ್ಕಿದವರು ಸೇರಿ ನಡೆಸಿದರು. ಮೊಜಾರ್ಟನು 1789ರಲ್ಲಿ ಹೊಸ ವಾದ್ಯಗಳನ್ನು ಕೂಡಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಸಾವಿರಾರು ಮಂದಿಯ ವೃಂದಗಳು ಬಂದವು. ದೊಡ್ಡ ಸದ್ದಿಗೆ ಅದರದೇ ಸೊಗಸಿದೆ. ನಮ್ಮ ಊರುಗಳ ಇಪ್ಪತ್ತು ಮಂದಿಯ ಗಾನವೃಂದಗಳು ತಮ್ಮ ಸಂಖ್ಯೆಗಾಗಿ ನಾಚಿಕೊಳ್ಳುವುದನ್ನು ಕೇಳಿದಾಗಲೆಲ್ಲ ನಮಗೆ ಆ ಲೆಕ್ಕಪತ್ರದ ನೆನಪಾಗುತ್ತದೆ.

ಅಷ್ಟರಲ್ಲಿ ಹ್ಯಾಂಡಲನು ಪೂರ್ಣ ಕುರುಡನಾಗಿದ್ದನು. 1759ರ ಏಪ್ರಿಲ್ 6ರಂದು ಕೋವೆಂಟ್ ಗಾರ್ಡನ್‌ನಲ್ಲಿ ‘ಮೆಸ್ಸೀಯ’ವನ್ನು ಕೊನೆಯ ಬಾರಿ ಕೇಳಿ, ಎಂಟು ದಿನಗಳ ತರುವಾಯ ಪವಿತ್ರ ಶನಿವಾರದಂದು ಕಣ್ಣುಮುಚ್ಚಿದನು. ಮೇ 3ರಂದು ಫೌಂಡ್ಲಿಂಗ್ ಪ್ರಾರ್ಥನಾಲಯದಲ್ಲಿ ವಾಡಿಕೆಯಂತೆ ಗಾಯನ ನಡೆಯಿತು. ಮರಣಶಾಸನದಲ್ಲಿ ಅವನು ‘ಮೆಸ್ಸೀಯ’ದ ಶುದ್ಧ ಪ್ರತಿಯೊಂದನ್ನೂ ಪ್ರತ್ಯೇಕ ಸ್ವರಪತ್ರಗಳನ್ನೂ ಆ ಮಕ್ಕಳ ಮನೆಗೆ ಬರೆದಿಟ್ಟಿದ್ದನು. ಸುಸಾನಾ ಸಿಬರ್ ಲಂಡನ್ನಿನ ರಂಗಕ್ಕೆ ಮರಳಿ, ದುಃಖಾಂತ ಪಾತ್ರಗಳಲ್ಲಿ ತನ್ನ ಕಾಲದ ಅಗ್ರಗಣ್ಯ ನಟಿಯೆನಿಸಿ, 1766ರಲ್ಲಿ ತೀರಿಕೊಂಡಳು. ಹ್ಯಾಂಡಲನು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಆವರಣದಲ್ಲಿಯೇ ಅವಳ ಸಮಾಧಿಯೂ ಇದೆ.

ಫಿಶಾಂಬಲ್ ಬೀದಿಯ ಸಭಾಂಗಣ ಇಂದು ಇಲ್ಲ. ಪ್ರವೇಶದ ಕಮಾನೊಂದು ಉಳಿದಿದೆ. ಕೆಲವು ದಶಕಗಳಿಂದ ಪ್ರತಿ ಏಪ್ರಿಲ್ 13ರಂದು ಡಬ್ಲಿನ್ನಿನ ಗಾನವೃಂದವೊಂದು ಅದೇ ಬೀದಿಯಲ್ಲಿ, ಬಯಲಿನಲ್ಲಿಯೇ ನಿಂತು ‘ಮೆಸ್ಸೀಯ’ದ ಭಾಗಗಳನ್ನು ಹಾಡುತ್ತ ಬಂದಿದೆ. ನಡುಹಗಲಿನ ಆ ಗಾಯನಕ್ಕೆ ಟಿಕೆಟ್ಟು ಇಲ್ಲ. ಬೀದಿಯಲ್ಲಿ ಹೋಗುವವರೂ ನಿಂತು ಕೇಳುತ್ತಾರೆ.